ದ್ವೀಪ ವಿಚಾರಿಸಲು ಬಂದಾಕೆ

ಮೂರನೆಯ ದಿನವೂ ಆಕೆ ಬಂದು ಅದೇ ಕುರ್ಚಿಯಲ್ಲಿ ಕುಳಿತಾಗ, ಈಕೆ ಎದುರು ಸಾಲಿನ ಇನ್ನೊಂದು ಟ್ರಾವೆಲ್ಸ್‌ನವರು ಕಳಿಸಿದ ಗೂಢಚಾರಿಣಿಯೇ ಎಂದು ಏಜೆಂಟನಿಗೆ ಖಾತ್ರಿಯಾಯಿತು.

ದ್ವೀಪಕ್ಕೆ ಹೋಗುವವರು ಕೇಳುವ ಪ್ರಶ್ನೆಗಳೇ ಬೇರೆ. ಬಿಸಿಲು ಎಷ್ಟು, ಕೋಣೆಯಿಂದ ಕಡಲು ಕಾಣುತ್ತದೆಯೇ, ತಿಂಡಿ ಸೇರಿದೆಯೇ. ಈ ಹಿರಿಯ ಹೆಂಗಸು ಅದೊಂದನ್ನೂ ಕೇಳಿರಲಿಲ್ಲ. ಮೊದಲ ದಿನ, ಈ ಕೆಲಸದಲ್ಲಿ ಎಷ್ಟು ವರ್ಷವಾಯಿತು ಎಂದರು. ಎರಡನೆಯ ದಿನ, ಗಿರಾಕಿಗಳು ರೇಗಿದರೆ ಏನು ಮಾಡುತ್ತೀರಿ, ಮನೆಗೆ ಹೋಗುವುದು ಎಷ್ಟು ಹೊತ್ತಿಗೆ ಎಂದರು. ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಗಾಜಿನ ಗೋಡೆಯಾಚೆ ಮಾಲೀಕ ಹದ್ದಿನ ಕಣ್ಣಿಟ್ಟು ಕೂತಿದ್ದ. ಈ ತಿಂಗಳು ಏಜೆಂಟನ ಕೈಯಿಂದ ಒಂದು ಬುಕಿಂಗೂ ಆಗಿರಲಿಲ್ಲ. ಇವತ್ತೂ ಆಗದಿದ್ದರೆ ನಾಳೆಯಿಂದ ಬರಬೇಡ ಎಂದು ಬೆಳಿಗ್ಗೆಯೇ ಹೇಳಿಯಾಗಿತ್ತು. ಪಾಪ, ಹುಡುಗ ತಾನು ಪ್ರೀತಿಸಿದವಳ ಮನೆಯವರನ್ನು ಭಾನುವಾರ ಮೊದಲ ಸಲ ಕಾಣಬೇಕಿತ್ತು. ಕೆಲಸ ಕಳೆದುಕೊಂಡವನು ಅಲ್ಲಿ ಯಾವ ಮುಖ ತೋರಿಸುವುದು?

"ಜೊತೇಲಿ ಬಂದೋರಿಗೆ ದೋಣೀಲಿ ವಾಂತಿ ಆದ್ರೆ?" ಆಕೆ ಶುರು ಮಾಡಿದರು.

"ಶುಂಠಿ ಕೊಡಿ ಮೇಡಂ. ಬೆನ್ನು ಸವರಿ. ಫೋಟೋ ಮಾತ್ರ ತೆಗೀಬೇಡಿ."

ಬರೆದುಕೊಂಡರು.

"ಇಡೀ ದಿನ ಮಲಗೇ ಇರ್ತೀನಿ, ಎಲ್ಲೂ ಬರಲ್ಲ ಅಂತ ಹಠ ಹಿಡಿದ್ರೆ?"

"ಮಲಗ್ಲಿ ಬಿಡಿ. ಸುಸ್ತಾಗಿದೆ ಅಂತಾನೇ ಅಲ್ವಾ ಹೋಗೋದು? ಊಟ ರೂಮಿಗೇ ತಂದ್ಕೊಟ್ರಾಯ್ತು."

ಅದನ್ನೂ ಬರೆದು, ಕೆಳಗೆ ಒಂದು ಗೆರೆ ಎಳೆದರು. ಆಮೇಲೆ ಬಣ್ಣದ ಪುಸ್ತಿಕೆ ತಿರುವಿ, ಎಲ್ಲಕ್ಕಿಂತ ದುಬಾರಿ ಹೋಟೆಲಿನ ಮೇಲೆ ಬೆರಳಿಟ್ಟರು. "ಇದು ಹೇಗೆ?"

ಒಳಗಿನಿಂದ ಮಾಲೀಕ ಕಣ್ಸನ್ನೆ ಮಾಡಿದ. ಒಂದೇ ಒಂದು ಸುಳ್ಳು ಸಾಕಿತ್ತು. ನಮ್ಮ ಏಜೆಂಟನಿಗೆ ಬಾರದ ವಿದ್ಯೆ ಅದೊಂದೇ.

"ಬೇಡ ಮೇಡಂ. ಈ ಫೋಟೋ ಹತ್ತು ವರ್ಷ ಹಳೇದು. ಈಗ ಪಕ್ಕದಲ್ಲೇ ಕಟ್ಟಡ ಕಟ್ತಿದಾರೆ, ಹಗಲೆಲ್ಲ ಗಡಗಡ. ಈ ಚಿಕ್ಕ ದ್ವೀಪಕ್ಕೆ ಹೋಗಿ. ಅರ್ಧ ಖರ್ಚು, ಪೂರ್ತಿ ನಿದ್ದೆ."

ಮಾಲೀಕ ಬಾಗಿಲು ದೂಡಿಕೊಂಡು ಹೊರಗೇ ಬಂದ. ಇನ್ನೇನು ಉಳಿದಿದೆ! ಏಜೆಂಟ ಮೇಜಿನ ಮೇಲಿದ್ದ ತನ್ನ ಪೆನ್ನು, ನೀರಿನ ಬಾಟಲಿ, ಕನ್ನಡಕದ ಡಬ್ಬಿ ಒಟ್ಟು ಮಾಡತೊಡಗಿದ. ಹೇಗೂ ಕೆಲಸ ಹೋಯಿತು, ಕೇಳಿಯೇ ಬಿಡೋಣ ಎನಿಸಿತು.

"ನಿಜ ಹೇಳಿ ಮೇಡಂ. ನೀವು ದ್ವೀಪಕ್ಕೆ ಹೋಗೋರಲ್ಲ, ಅಲ್ವಾ?"

"ನಾನ್ಯಾಕಪ್ಪಾ ಹೋಗ್ಲಿ? ನಂಗೆ ನೀರು ಕಂಡ್ರೇ ಭಯ." ಆಕೆ ಪುಸ್ತಕ ಮುಚ್ಚಿ ಮಾಲೀಕನ ಕಡೆ ತಿರುಗಿದರು. "ಆ ಚಿಕ್ಕ ದ್ವೀಪಕ್ಕೇ ಎರಡು ಟಿಕೆಟ್ ಬುಕ್ ಮಾಡ್ಕೊಳ್ಳಿ. ಒಂದು ನನ್ನ ಮಗಳಿಗೆ, ಇನ್ನೊಂದು ಈ ಅಳಿಯಂದ್ರಿಗೆ. ಮದುವೆ ಯಾವತ್ತು ಅನ್ನೋದನ್ನ, ಭಾನುವಾರ ಮನೆಗೆ ಬರ್ತಾರಲ್ಲ, ಆಗ ಗೊತ್ತು ಮಾಡ್ತೀವಿ."