ಗಿಣ್ಣಿನ ಬಾಟಲಿ

ಕರು ಹುಟ್ಟಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ. ಸೊಸೆ ಹಸುವಿನ ಗಿಣ್ಣು ಹಾಲಿನ ಎರಡು ಹನಿಯನ್ನು ಸತ್ವ ಅಳೆಯುವ ಕೊಳವೆಯ ಗಾಜಿನ ಮೇಲೆ ಬಿಟ್ಟು, ಕೊಟ್ಟಿಗೆಯ ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ಹದಿನಾಲ್ಕು," ಎಂದಳು. "ಇಪ್ಪತ್ತೆರಡಾದ್ರೂ ಇರ್ಬೇಕಿತ್ತು."

"ಹಾಲಿಗೂ ಮಾರ್ಕು ಕೊಡ್ತೀಯಲ್ಲಮ್ಮ, ಮೇಷ್ಟ್ರ ಹಾಗೆ." ಅತ್ತೆ ಕರುವಿನ ಮೈಯನ್ನು ಒಣ ಗೋಣಿಯಿಂದ ಉಜ್ಜುತ್ತಿದ್ದಳು.

"ಚೊಚ್ಚಲು ಹಸು ಅತ್ತೆ, ಗಿಣ್ಣಲ್ಲಿ ಸತ್ವ ಇಲ್ಲ. ಹುಟ್ಟಿದ ಕರು ಮೈಯಲ್ಲಿ ರೋಗ ತಡೆಯೋ ಶಕ್ತಿ ಅನ್ನೋದೇ ಇರಲ್ಲ, ಗಿಣ್ಣಿಂದಾನೇ ಬರ್ಬೇಕು. ಅದೂ ಆರು ಗಂಟೆ ಒಳಗೆ. ಆಮೇಲೆ ಎಷ್ಟು ಕುಡಿಸಿದ್ರೂ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ." ಸೊಸೆ ಕೈ ಒರೆಸಿಕೊಂಡಳು. "ಫ್ರೀಜರಿನಲ್ಲಿ ಮಚ್ಚೆ ಹಸುವಿಂದು ಒಂದು ಬಾಟಲಿ ಉಳಿದಿದೆಯಲ್ಲ, ಅದನ್ನ ತೆಗೀತೀನಿ."

ಅತ್ತೆಯ ಕೈ ನಿಂತಿತು. "ಅದು ಇರ್ಲಿ ಬಿಡಮ್ಮ. ಪಕ್ಕದ ಮನೇಲಿ ಕೇಳಿದ್ರಾಯ್ತು."

"ಪಕ್ಕದ ಮನೇಲಿ ಈಗ ಯಾವ ಹಸು ಕರು ಹಾಕಿದೆ? ಇನ್ನೊಂದು ತಿಂಗಳು ಹೋದ್ರೆ ಆ ಬಾಟಲೀಲಿರೋದೂ ಹಳತಾಗಿ ಕೆಲಸಕ್ಕೆ ಬರಲ್ಲ."

ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೋಣೆಯಲ್ಲಿ ಸೊಸೆಗೆ ಏಳರಿಂದ ಒಂದರವರೆಗೆ ಕೆಲಸ. ಗಂಡ ತೀರಿಹೋದ ಹದಿನಾರನೆಯ ದಿನವೇ ಆ ಕೆಲಸಕ್ಕೆ ಸೇರಿದ್ದಳು. ಅವಳು ಅತ್ತದ್ದನ್ನು ಅತ್ತೆ ನೋಡಿರಲಿಲ್ಲ. ಕಲ್ಲಿನಂತಿದ್ದ ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು, "ಕೈ ತಾಳೋಷ್ಟು ಬಿಸಿನೀರಲ್ಲಿ ಮುಳುಗಿಸಿಡಿ. ಕುದಿಯೋ ನೀರು ಬೇಡ, ಗಿಣ್ಣು ಒಡೆದುಹೋಗುತ್ತೆ. ಮುಕ್ಕಾಲು ಗಂಟೇಲಿ ಕರಗುತ್ತೆ, ಪೂರ್ತಿ ಕುಡಿಸಿ. ಅಲ್ಲೀವರೆಗೆ ತಾಯಿ ಹತ್ರ ಬಿಡ್ಬೇಡಿ, ಸತ್ವ ಇಲ್ಲದ್ದರಲ್ಲೇ ಹೊಟ್ಟೆ ತುಂಬಿಬಿಡುತ್ತೆ," ಎಂದು ಹೇಳಿ ಹೊರಟಳು.

ಅತ್ತೆ ಬಕೆಟ್ಟಿಗೆ ಬಿಸಿನೀರು ತಂದಳು. ಬಾಟಲಿ ಮಾತ್ರ ಕೈಯಲ್ಲೇ ಉಳಿಯಿತು. ಮಗ ಹೋಗಿ ಹತ್ತು ತಿಂಗಳು. ಅವನ ಅಂಗಿಗಳನ್ನು ಬಂದವರು ಕೇಳಿಕೊಂಡು ಹೋದರು, ಚಪ್ಪಲಿಯನ್ನು ಯಾರೋ ಕೇಳದೆಯೇ ಮೆಟ್ಟಿಕೊಂಡು ಹೋದರು. ಅವನದೆಂದು ಉಳಿದದ್ದು ಬಾಟಲಿಗೆ ಅಂಟಿಸಿದ್ದ ಈ ಚೀಟಿ, ಅದರ ಮೇಲೆ ನೀಲಿ ಶಾಯಿಯ ಎರಡು ಸಾಲು. ಏನು ಬರೆದಿದೆಯೆಂದು ಓದಲು ಅತ್ತೆಗೆ ಬಾರದು. ಬಾಟಲಿಯನ್ನು ಅವನೇ ತಂದು ಇಟ್ಟದ್ದನ್ನು ನೋಡಿದ್ದಳು, ಅಷ್ಟು ಸಾಕಿತ್ತು. ದಿನಕ್ಕೊಮ್ಮೆ ಫ್ರೀಜರ್ ತೆರೆದು, ಮಂಜು ಒರೆಸಿ, ಆ ಗೆರೆಗಳ ಮೇಲೆ ಕಣ್ಣಾಡಿಸಿ ಮುಚ್ಚುತ್ತಿದ್ದಳು.

ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿ ನೋಡಿದಳು. ಹರಿಯತೊಡಗಿತು, ಬಿಟ್ಟಳು. ನೀರಿಗೆ ಹಾಕಿದರೆ ಶಾಯಿ ಹೋಗುತ್ತದೆ. ಬೆಚ್ಚಗಿದ್ದರೆ ಸಾಕಲ್ಲ ಎಂದುಕೊಂಡು ಬಾಟಲಿಯನ್ನು ಮಡಿಲಲ್ಲಿಟ್ಟು, ಸೆರಗು ಹೊದಿಸಿ, ಕರುವಿನ ಪಕ್ಕ ಕೂತಳು. ಚೀಟಿಯ ಮೇಲೆ ನೀರು ಜಿನುಗಿದಾಗಲೆಲ್ಲ ಊದಿ ಆರಿಸಿದಳು. ತೊಡೆ ಮರಗಟ್ಟಿತು. ಕರು ಎರಡು ಸಲ ಎದ್ದು ಅವಳ ಮೊಣಕೈ ಚೀಪಿ, ಏನೂ ಸಿಗದೆ ಮಲಗಿತು. "ಇರು ಕಂದ, ಇನ್ನೇನು ಆಗ್ಹೋಯ್ತು," ಎನ್ನುತ್ತಲೇ ಇದ್ದಳು.

ಒಂದೂವರೆಗೆ ಸೊಸೆ ಬಂದು ಬಾಟಲಿ ಅಲುಗಿಸಿದರೆ ಒಳಗೆ ಗಡ್ಡೆ ಇನ್ನೂ ಕಟಕಟ ಎನ್ನುತ್ತಿತ್ತು.

"ನೀರಿಗೆ ಹಾಕ್ಲೇ ಇಲ್ವಾ?"

"ಚೀಟಿ ಹಾಳಾಗ್ತಿತ್ತು."

"ಯಾವ ಚೀಟಿ?" ಸೊಸೆ ಉತ್ತರಕ್ಕೆ ಕಾಯಲಿಲ್ಲ. ಒಲೆಯ ಮೇಲಿಂದ ನೀರು ತಂದು, ಹದ ಮಾಡಿ, ಬಾಟಲಿಯನ್ನು ಅದುಮಿ ಹಿಡಿದಳು. ಬಕೆಟ್ಟಿನ ನೀರು ತಿಳಿ ನೀಲಿಯಾಯಿತು. ಕರು ಕುಡಿಯುವಾಗ ಎರಡೂಕಾಲು. ಬಾಲ ಆಡಿಸುತ್ತ ಕೊನೆಯ ಹನಿಯವರೆಗೂ ಹೀರಿತು. ಎಲ್ಲ ಸರಿಹೋಯಿತು ಎಂದೇ ಅತ್ತೆಗೆ ಅನ್ನಿಸಿತು.

ಐದನೆಯ ದಿನ ಭೇದಿ ಶುರುವಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಕರು ಏಳಲಿಲ್ಲ. ದನದ ಡಾಕ್ಟರು, "ಗಿಣ್ಣು ಹೊತ್ತಿಗೆ ಸರಿಯಾಗಿ ಕುಡಿಸಿದ್ರಾ?" ಎಂದು ಕೇಳಿದಾಗ ಸೊಸೆ, "ನಾನು ಮನೇಲಿರ್ಲಿಲ್ಲ, ತಡ ಆಯ್ತು," ಎಂದಳೇ ಹೊರತು ಅತ್ತೆಯ ಕಡೆ ತಿರುಗಲಿಲ್ಲ.

ಅದಾದ ನಾಲ್ಕು ದಿನಕ್ಕೆ ಮಚ್ಚೆ ಹಸು ಕರು ಹಾಕಿತು. ಗಾಜಿನಲ್ಲಿ ಇಪ್ಪತ್ತಾರು. ಕರು ಕುಡಿದು ಉಳಿದದ್ದನ್ನು ಸೊಸೆ ಬಾಟಲಿಗೆ ತುಂಬಿ, ಕಾಗದ ಅಂಟಿಸಿ, ಮೊಣಕಾಲ ಮೇಲಿಟ್ಟುಕೊಂಡು ಬರೆಯತೊಡಗಿದಳು. ಅತ್ತೆ ಹಿಂದೆ ನಿಂತು ನೋಡಿದಳು. ಗೆರೆ ಬಾಗಿತು, ಸುತ್ತಿತು, ತುದಿಯಲ್ಲಿ ಚೂರು ಮೇಲಕ್ಕೆ ಚಿಮ್ಮಿತು.

"ನಿನ್ನ ಅಕ್ಷರಾನೂ ಅವನ ಥರಾನೇ ಇದೆಯಲ್ಲೇ."

"ಅವರೆಲ್ಲಿ ಬರೀತಿದ್ರು ಅತ್ತೆ. ಕೈಯೆಲ್ಲ ಹಾಲಾಗಿರ್ತಿತ್ತು. ಬಾಟಲಿ ಮೇಲೆಲ್ಲ ನಾನೇ ಬರೀತಿದ್ದಿದ್ದು, ಅವರು ಹಿಡ್ಕೊಂಡಿರೋರು." ಸೊಸೆ ತಲೆ ಎತ್ತಲಿಲ್ಲ.

ಅತ್ತೆ ಬಗ್ಗಿ, ಸೊಸೆಯ ಮೊಣಕಾಲ ಮೇಲಿಂದ ಬಾಟಲಿ ಎತ್ತಿಕೊಂಡು, ಇನ್ನೂ ಆರದ ಶಾಯಿಯನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿದಳು.

"ಇದರ ಮೇಲೆ ಏನೂ ಬರೀಬೇಡ," ಎಂದಳು. "ಬೇಕಾದಾಗ ಸೀದಾ ನೀರಿಗೆ ಹಾಕೋ ಹಾಗಿರ್ಲಿ."