ಲಾಲಪ್ಪನ ಬಂದೂಕು

ಆ ಬೆಳಗ್ಗೆ ಮಸ್ಕಿ ಗುಡ್ಡ ಕಾಣುತ್ತಿರಲಿಲ್ಲ. ಮಂಜು ಜೋಳದ ತೆನೆಯ ಮಟ್ಟಕ್ಕೆ ಇಳಿದು ನಿಂತಿತ್ತು. ಮುದುಕಪ್ಪ ಬೀಸುಕಲ್ಲಿನ ಹಿಂದಿನಿಂದ ಒಂದು ಗಂಟು ತೆಗೆದು ನಡುವಿಗೆ ಸಿಕ್ಕಿಸಿಕೊಂಡ. ಹೆಂಡತಿ ಯಮನಮ್ಮ ಅದನ್ನು ಕಂಡಳು. ಬಾಗಿಲಿಗೆ ಅಡ್ಡ ನಿಂತಳು.

“ಹೋಗಬ್ಯಾಡ. ಇವತ್ತೊಂದಿನ ಸುಮ್ಮನ ಮನ್ಯಾಗ ಕುಂದ್ರು. ದೇವರು ನೋಡಿಕೊಳ್ತಾನ.”

“ದೇವರಿಗ್ಯಾಕ ಈ ಕೆಲಸ ಹಚ್ತಿ?” ಅಂದ ಮುದುಕಪ್ಪ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಹಸಿರು ಸೀರೆ. ಅಂಚು ಹರಿದು ಎಷ್ಟೋ ಕಾಲವಾಗಿತ್ತು, ಹೊಲಿದುಕೊಂಡಿರಲಿಲ್ಲ. ತಮ್ಮ ಹೋದ ಮೇಲೆ ಅವಳಿಗೆ ಯಾವುದರಲ್ಲೂ ಮನಸ್ಸಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಮುದುಕಪ್ಪ ಅವಳ ಭುಜವನ್ನು ಮೆಲ್ಲಗೆ ಸರಿಸಿ ಮಂಜಿಗೆ ಇಳಿದ.

ತಮ್ಮ ಎಂದರೆ ಲಾಲಪ್ಪ. ಅಕ್ಕನ ಮನೆಯಲ್ಲೇ ಬೆಳೆದವನು, ಅಕ್ಕನ ಹೊಲವನ್ನೇ ಕಾಯುತ್ತಿದ್ದವನು. ಹೊತ್ತು ಮುಳುಗಿದರೆ ಅವನದು ಒಂದೇ ಕ್ರಮ. ಬಂದೂಕಿನ ಬಾಯಿಗೆ ಮದ್ದು, ಅದನ್ನು ಅದುಮಲು ಪುಂಡಿನಾರು, ಗುಂಡು, ಮತ್ತೆ ಪುಂಡಿನಾರು. ಆಮೇಲೆ ರೊಟ್ಟಿಯ ಗಂಟು. ಆಮೇಲೆ ಹೊಲ. ಕಾಡುಹಂದಿಗಳಿಗೂ ಆ ಕ್ರಮ ಗೊತ್ತಿತ್ತು, ಹತ್ತಿರ ಸುಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ಹೈದರಾಬಾದಿನಿಂದ ಹುಕುಂ ಬಂತು. ಜಾಗೀರದಾರರಿಗೆ, ವತನದಾರರಿಗೆ, ಹುದ್ದೆಯವರಿಗೆ ಬಂದೂಕಿನ ಲೈಸೆನ್ಸು. ರೈತರಿಗೆ ಇಲ್ಲ. ರೈತನ ಕೈಯಲ್ಲಿ ಆಯುಧವಿಡುವಷ್ಟು ನಂಬಿಕೆ ಸರ್ಕಾರಕ್ಕಿಲ್ಲ ಎಂದು ಹುಕುಮಿನಲ್ಲೇ ಬರೆದಿತ್ತು. ಅದೇ ರೈತ ಬೆಳೆದ ಜೋಳ ಉಣ್ಣುವಾಗ ಯಾರಿಗೂ ನಂಬಿಕೆಯ ಕೊರತೆ ಕಾಣಲಿಲ್ಲ.

ಲಾಲಪ್ಪ ರೊಟ್ಟಿಯ ಗಂಟು ಕಟ್ಟುತ್ತಿದ್ದ ಹೊತ್ತಿಗೇ ಠಾಣೆಯ ಅಮೀನ ಜವಾನರೊಂದಿಗೆ ಅಂಗಳಕ್ಕೆ ಬಂದ. ಲಾಲಪ್ಪ ಬಂದೂಕು ಬಿಡಲಿಲ್ಲ. ಅಮೀನ ಅವನನ್ನು ನೆಲಕ್ಕೆ ಕೆಡವಿ ಬೂಟಿನಿಂದ ಒದ್ದ. ಆಗ ಯಮನಮ್ಮನೇ ತಮ್ಮನ ಕೈಯಿಂದ ಬಂದೂಕು ಬಿಡಿಸಿಕೊಂಡಳು. ದೇವರ ಮುಂದಿಟ್ಟು ತರುತ್ತೇನೆಂದು ಒಳಮನೆಗೆ ಹೋದಳು. ಹೊತ್ತು ಹಿಡಿಯಿತು. ವಿಭೂತಿ, ಕುಂಕುಮ ಹಚ್ಚಿ ತಂದು, ಎರಡೂ ಕೈಯಿಂದ ಅಮೀನನಿಗೆ ಒಪ್ಪಿಸಿದಳು.

“ಭೇಷ್,” ಅಂದ ಅಮೀನ. “ಈ ಊರಾಗ ಕಾನೂನು ತಿಳಿದಾಕಿ ನೀ ಒಬ್ಬಾಕಿ.”

ಲಾಲಪ್ಪ ಮಣ್ಣಿನಲ್ಲೇ ಕುಳಿತು ಅಕ್ಕನನ್ನು ನೋಡಿದ. “ಹೆದರಿದಿ ಅಕ್ಕ,” ಅಂದ. ಊರೂ ಹಾಗೇ ಅಂದಿತು.

ಅಂದಿನಿಂದ ಲಾಲಪ್ಪ ಖಾಲಿ ಡಬ್ಬಿ ಬಡಿದುಕೊಂಡು ಹೊಲ ಕಾದ. ಡಬ್ಬಿಯ ಸಪ್ಪಳಕ್ಕೆ ಹಂದಿಗಳು ಬೇಗ ಒಗ್ಗಿದವು. ಒಂದು ಬೆಳಗ್ಗೆ ಅವನು ಬದುವಿನ ಮೇಲೆ ಸಿಕ್ಕ, ಕೋರೆಗೆ ತೊಡೆ ಸೀಳಿತ್ತು, ಉಸಿರಿರಲಿಲ್ಲ. ಜೋಲಿ ಕಟ್ಟಿ ಮನೆಗೆ ಹೊತ್ತು ತಂದವರಲ್ಲಿ ಠಾಣೆಯ ಜವಾನ ಮಹಮ್ಮದಸಾಬನೂ ಇದ್ದ.

ಲಿಂಗಸುಗೂರಿನ ವಕೀಲ ಕರಿಬಸಯ್ಯ ರೈತರಿಗೂ ಬಂದೂಕು ಬೇಕೆಂದು ಅರ್ಜಿ ಬರೆದ. ಸಿಂಧನೂರು ಕಡೆಯ ಹಳ್ಳಿಗಳೂ ಹೆಬ್ಬೆಟ್ಟು ಒತ್ತಿದವು. ಹಂದಿ ಯಾರ ಪರವಾನಗಿಯನ್ನೂ ಕೇಳಿ ಹೊಲಕ್ಕೆ ಬರುವುದಿಲ್ಲ ಎಂದು ಅವನು ಕಚೇರಿಯಲ್ಲಿ ಕೂಗಾಡಿದ. ಸಾಹೇಬರು ನಕ್ಕರಂತೆ. ಅರ್ಜಿಗೆ ಜವಾಬು ಬರಲಿಲ್ಲ. ಬಂದದ್ದು ನಿನ್ನೆ ಸಂಜೆಯ ಡಂಗುರ: ನಾಳೆ ಅಮೀನರ ಬೇಟೆ, ರೈತರೆಲ್ಲ ಹಲಗೆ ಬಡಿದು ಗುಡ್ಡದ ಹಂದಿ ಎಬ್ಬಿಸಬೇಕು. ಅಮೀನ ಹಾರಿಸುವುದು ಲಾಲಪ್ಪನ ಬಂದೂಕು. ಇಷ್ಟು ದಿನ ಠಾಣೆಯ ಗೋಡೆಗೆ ತೂಗುಬಿಟ್ಟದ್ದು.

ಕೇಳಿದಾಗಿನಿಂದ ಮುದುಕಪ್ಪ ಉಂಡಿರಲಿಲ್ಲ.

ಠಾಣೆಯ ಬಾಗಿಲಲ್ಲಿ ಮಹಮ್ಮದಸಾಬ ತಡೆದ. “ಇವತ್ತ ಬ್ಯಾಡ, ಮಾಮಾ. ಸಾಹೇಬರು ಬೇಟಿಗೆ ಹೊಂಟಾರ.”

“ಅದಕ್ಕ ಇವತ್ತ. ಬೇಟಿ ಆದಮ್ಯಾಲ ಬಂದು ಏನ್ ಮಾಡ್ಲಿ?”

ಜವಾನ ಅವನ ನಡು ತಡವಿದ. ಗಂಟಿನೊಳಗೆ ಉಕ್ಕು, ಚೂಪು ಮೊನೆ. ಕೈ ಅಲ್ಲೇ ನಿಂತಿತು. ಆಮೇಲೆ ಅವನು ಮಂಜಿನ ಕಡೆ ಮುಖ ತಿರುಗಿಸಿ ದಾರಿ ಬಿಟ್ಟ.

ಅಮೀನ ಕಟ್ಟೆಯ ಮೇಲೆ ಕುಳಿತಿದ್ದ. ಬಂದೂಕು ಮೊಣಕಾಲ ನಡುವೆ, ಮದ್ದಿನ ಕೊಂಬು ಕೈಯಲ್ಲಿ. ಮುದುಕಪ್ಪ ನೆಟ್ಟಗೆ ಹೋಗಿ ಬಂದೂಕಿನ ಕೊಳವೆ ಹಿಡಿದು ಕಿತ್ತುಕೊಂಡ. ಲಾಠಿಗಳು ಎದ್ದವು. ಅಮೀನನ ಕೈಯಿಂದ ಕೊಂಬು ಜಾರಿತು.

“ಏಳಬ್ಯಾಡ್ರಿ ಸಾಹೇಬರ. ಹಂಗ ಕುಂದ್ರಿ.”

ಮುದುಕಪ್ಪ ನೆಲದ ಮೇಲೆ ಕುಳಿತು ಗಂಟು ಬಿಚ್ಚಿದ. ಆಡಿನ ಕೊಂಬಿನಂತೆ ತಿರುಚಿದ ಉಕ್ಕಿನ ತಿರುಪು. ಮದ್ದು ಜಡಿಯುವ ಗಜದ ತುದಿಗೆ ಅದನ್ನು ಸಿಕ್ಕಿಸಿ ಕೊಳವೆಗೆ ಇಳಿಸಿದ, ತಿರುವಿದ, ಎಳೆದ. ಏನೋ ಹೊರಬಂತು. ಅವನು ತೆಗೆಯಲು ಬಂದದ್ದು ಅದಲ್ಲ. ಯಾರಿಗೂ ಕಾಣದಂತೆ ಎಡಗೈ ಮುಷ್ಟಿಯಲ್ಲಿ ಮುಚ್ಚಿದ. ಮತ್ತೆ ಗಜ ಇಳಿಸಿದ. ಈ ಸಲ ಪುಂಡಿನಾರು ಬಂತು, ಸೀಸದ ಗುಂಡು ಬಂತು. ಬೋರಲು ಹಾಕಿ ತಟ್ಟಿದರೆ ಮದ್ದು ಕಪ್ಪಗೆ ಸುರಿಯಿತು.

“ನೀವು ಕಸಗೊಂಡ ಸಂಜಿ ಲಾಲಪ್ಪ ತುಂಬಿದ್ದು. ಇದರ ಮ್ಯಾಲ ನೀವೂ ತುಂಬಿ ಹಾರಿಸಿದ್ದರ ಕೊಳವಿ ಒಡದು ನಿಮ್ಮ ಮಾರಿಗೇ ಬರ್ತಿತ್ತು.” ಅವನು ಸೀಸದ ಗುಂಡನ್ನು ಕಟ್ಟೆಯ ಮೇಲೆ ಕುಟ್ಟಿ ಇಟ್ಟ. “ನಾ ಮನ್ಯಾಗ ಕುಂತಿದ್ದರ ಸಾಕಿತ್ತು. ನಮ್ಮ ಮ್ಯಾಲ ನಂಬಿಕಿ ಇಲ್ಲಂತ ಬರದೀರಿ. ಈಗ ಏನ್ ಬರೀತೀರಿ?”

ಅಮೀನ ಬಂದೂಕನ್ನು ಮತ್ತೆ ಗೋಡೆಗೇ ತೂಗಿಸಿದ. ಹುಕುಂ ಹುಕುಮೇ.

ಮುದುಕಪ್ಪ ಮನೆ ಮುಟ್ಟುವಾಗ ಮಂಜು ಕರಗಿ ಗುಡ್ಡ ಕಾಣುತ್ತಿತ್ತು. ಯಮನಮ್ಮ ಹೊಸ್ತಿಲ ಮೇಲೆ ಅತ್ತಲೇ ಕಿವಿಯಿಟ್ಟು ಕುಳಿತಿದ್ದಳು.

“ಸಪ್ಪಳ ಕೇಳಿಸಲೇ ಇಲ್ಲ,” ಅಂದಳು.

ಅವನು ಪಕ್ಕದಲ್ಲಿ ಕುಳಿತ. ಠಾಣೆಯಿಂದ ಬಿಚ್ಚದೆ ತಂದ ಮುಷ್ಟಿಯನ್ನು ಅವಳ ಅಂಗೈ ಮೇಲೆ ಬಿಚ್ಚಿದ.

ಇನ್ನೊಂದು ಗುಂಡು, ಅದಕ್ಕೆ ಸುತ್ತಿದ್ದದ್ದು ಪುಂಡಿನಾರಲ್ಲ, ಹಸಿರು ಸೀರೆಯ ಅಂಚು.