ಗೆಸ್ಟ್ ನೆಟ್‌ವರ್ಕ್

ಕೇರಿಯವರು ಬಂದರೆ ನೀರು ಕೊಡಲೆಂದು ತನ್ನ ಅಜ್ಜಿ ಸೂರಿನಡಿ ಸಿಕ್ಕಿಸಿಟ್ಟಿದ್ದ ತೆಂಗಿನ ಚಿಪ್ಪನ್ನು ತಾನೇ ಒಡೆದುಹಾಕಿದೆನೆಂದು ಸುಧೀಂದ್ರ ಪ್ರತಿ ಸಭೆಯಲ್ಲೂ ಹೇಳುತ್ತಿದ್ದ. ಕೇರಿಯಿಂದ ಬಂದು ಮೊದಲಿನಿಂದಲೂ ಓದುಬಳಗದಲ್ಲಿದ್ದ ಮಾದೇಶ ಅದನ್ನು ನಂಬಿದ್ದ. ಬಳಗ ಸೇರುತ್ತಿದ್ದುದು ಸುಧೀಂದ್ರನ ಮನೆಯಲ್ಲೇ. ಬಂದವರ ಫೋನಿಗೆಲ್ಲ ವೈಫೈ ಪಾಸ್‌ವರ್ಡನ್ನು ಅವನೇ ಕೈಯಾರೆ ಹಾಕಿಕೊಡುತ್ತಿದ್ದ.

ಆ ಭಾನುವಾರ ನೆಟ್ ತೆವಳುತ್ತಿತ್ತು.

“ಮಾದೇಶ, ನಿಂಗೆ ಗೊತ್ತಾಗುತ್ತೆ, ರೂಟರ್ ಸೆಟ್ಟಿಂಗ್ಸ್ ಸ್ವಲ್ಪ ನೋಡೋ” ಎಂದು ಲ್ಯಾಪ್‌ಟಾಪ್ ಕೊಟ್ಟು ಸುಧೀಂದ್ರ ಕಾಫಿ ಮಾಡಲು ಒಳಗೆ ಹೋದ.

“ಸುಧೀ, ಇಲ್ಲಿ ಎರಡು ನೆಟ್‌ವರ್ಕ್ ಇದೆಯಲ್ಲೋ. ಈ ಗೆಸ್ಟ್ ಅನ್ನೋದು ಯಾರಿಗೆ?”

“ಹೊರಗಿನವ್ರಿಗೆ ಕಣೋ. ಅವ್ರ ಫೋನು ನಮ್ಮನೇದು ಯಾವ್ದಕ್ಕೂ ತಾಗ್ಬಾರ್ದು ಅಂತ.”

“ಬಳಗದವ್ರನ್ನೂ ಇದಕ್ಕೇ ಹಾಕಿದೀಯಾ?”

“ಥೂ! ಅವ್ರೆಲ್ಲ ಮನೆಯವ್ರಲ್ವೇನೋ. ಗೆಸ್ಟಲ್ಲಿ ಯಾರಾದ್ರೂ ಇದ್ರೆ ಕಿತ್ತುಹಾಕು, ನೆಟ್ ಹಗುರಾಗ್ಲಿ.”

ಮನೆಯ ನೆಟ್‌ವರ್ಕಿನಲ್ಲಿ ಬಳಗದ ನಾಗಶ್ರೀ, ಭಾರ್ಗವರ ಫೋನುಗಳಿದ್ದವು; ಹೋದ ವಾರವಷ್ಟೇ ಸೇರಿದ್ದ ಶ್ರೀಕಂಠನದೂ ಇತ್ತು. ಗೆಸ್ಟಿನಲ್ಲಿ ಇದ್ದುದು ಒಂದೇ ಫೋನು.

“ಕಿತ್ತಾಯ್ತೇನೋ?” ಕಾಫಿ ಹಿಡಿದು ಬಂದ ಸುಧೀಂದ್ರ ಕೇಳಿದ.

“ಕಿತ್ತೆ” ಎಂದ ಮಾದೇಶ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. “ನಂದೊಂದೇ ಇತ್ತು.”